ಹಸಿವಿಲ್ಲದ ಕೆರೆ

ಹೊಳೆದಂಡೆಯ ಮಠದಲ್ಲಿ ಮುರಿಗೆಪ್ಪ ಎಂಬ ಶಿಷ್ಯನಿದ್ದ. ಕಂಪ್ಯೂಟರ್ ಬಲ್ಲವನು. ಮಗಳು ಗಿರಿಜಿ ಜ್ವರದಲ್ಲಿ ತೀರಿಕೊಂಡ ಮೇಲೆ, ಪಾಪ, ಮನೆ ಬಿಟ್ಟು ಬಂದು ಮಠ ಸೇರಿದ್ದ.

ಉಗ್ರಾಣದ ಮೂಲೆಯಲ್ಲಿ ಕೂತು ಅವನೊಂದು ಆಟ ಕಟ್ಟಿದ. ಪರದೆಯ ಮೇಲೊಂದು ಕೆರೆ, ಕೆರೆಯ ತುಂಬ ಪುಟ್ಟ ಜೀವಿಗಳು. ಮೇವು ಸಿಕ್ಕಿದ್ದು ಮರಿ ಹಾಕುತ್ತದೆ, ಸಿಗದ್ದು ಸಾಯುತ್ತದೆ. ಮರಿ ತಾಯಿಗಿಂತ ಕೂದಲೆಳೆಯಷ್ಟು ಬೇರೆ. ಅಷ್ಟೇ ನೋಡಿ ನಿಯಮ. ಉಳಿದದ್ದನ್ನೆಲ್ಲ ಹಸಿವೇ ಮಾಡಿತು. ಕಣ್ಣಿಲ್ಲದವಕ್ಕೆ ಕಣ್ಣು ಬಂತು, ಬಾಲ ಬಂತು. ಮಠದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಒಂದು ದಿನ ಮುರಿಗೆಪ್ಪ ಗುರುಗಳ ಕಾಲ ಬಳಿ ಬಂದು ಕುಸಿದ. ಗುರುಗಳನ್ನು ಅಲ್ಲಿ ಎಲ್ಲರೂ ಅಜ್ಜಾರು ಎಂದೇ ಕರೆಯುವುದು.

"ಅಜ್ಜಾರ, ನನ್ನ ಕೆರಿ ಕೆಟ್ಟು ಹೋತ್ರಿ."

"ಯಾರು ಕೆಡಿಸಿದ್ರು?"

"ನಾನ ಕೆಡಿಸೀನ್ರಿ. ಒಂದು ಜೀವಿಗೆ ಗಿರಿಜಿ ಅಂತ ಹೆಸರಿಟ್ಟಿದ್ದೆ. ಮೇವು ಸಿಗದ ಸಾಯಾಕತ್ತಿತ್ತು. ನೋಡಾಕ ಆಗಲಿಲ್ಲ. ಆಕಿಗೂ ಆಕಿ ಸಂತಾನಕ್ಕೂ ಹಸಿವು ಇರಬಾರದು ಅಂತ ಆಟದ ನಿಯಮದಾಗ ಒಂದು ಸಾಲು ಬರದೆ."

"ಆಮ್ಯಾಲೆ?"

"ಅವು ಸಾಯ್ಲೇ ಇಲ್ರಿ. ಉಳಿದವಕ್ಕ ಜಾಗಾ ಸಿಗಲಿಲ್ಲ, ಎಲ್ಲಾ ಸತ್ವು. ಈಗ ಕೆರಿ ತುಂಬ ಅವ."

ಅಜ್ಜಾರು ಎದ್ದು ಉಗ್ರಾಣಕ್ಕೆ ನಡೆದರು.

ಪರದೆಯಲ್ಲಿ ನೆನೆಸಿಟ್ಟ ಸಾಬೂದಾಣಿಯ ಹಾಗೆ ಒತ್ತೊತ್ತಾಗಿ ಗುಂಡನೆಯ ಚುಕ್ಕೆಗಳು. ಮೇವು ಹುಡುಕುವ ಕೆಲಸವೇ ಇಲ್ಲದ ಮೇಲೆ ಕಣ್ಣು ಬಾಲ ಯಾಕೆ? ಅವನ್ನು ಬೆಳೆಸುವ ಗೋಜಿಲ್ಲದವೇ ಬೇಗ ಮರಿ ಹಾಕಿ ಹೆಚ್ಚಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ.

"ಇದರಾಗ ಗಿರಿಜಿ ಎಲ್ಲಿ ಅದಾಳ?"

ಮುರಿಗೆಪ್ಪ ಪರದೆಗೆ ಮುಖ ಹಚ್ಚಿ ಹುಡುಕಿದ. ಹುಡುಕಿ ಹುಡುಕಿ ಹಿಂದೆ ಸರಿದ.

"ಗೊತ್ತಾಗವಲ್ದ್ರಿ. ಎಲ್ಲಾ ಒಂದ ನಮೂನಿ ಅದಾವು."

"ಆ ಸಾಲು ಅಳಿಸಿದ್ರ ಏನಾಗ್ತದ?"

"ಕಣ್ಣಿಲ್ಲ, ಬಾಲ ಇಲ್ಲ. ಎದುರಿಗೆ ಮೇವಿದ್ರೂ ಉಪಾಸ ಸಾಯ್ತಾವು. ನನ್ನ ಮಗಳು ಎರಡನೇ ಸಲ ಸಾಯ್ತಾಳ್ರೀ!"

ಅಜ್ಜಾರು ಸುಮ್ಮನಿದ್ದರು. ಆ ಮೌನಕ್ಕೆ ಮುರಿಗೆಪ್ಪನ ಸಿಟ್ಟು ನೆತ್ತಿಗೇರಿತು.

"ಅವತ್ತೂ ನೀವು ಹಿಂಗ ಸುಮ್ಮನ ಇದ್ರಿ! ಜ್ವರದಾಗ ಆಕಿನ್ನ ಬಿಟ್ಟು ಬಂದು ಈ ಮಠದ ಗದ್ದಿಗಿ ಮುಂದ ಹಣಿ ಜಜ್ಜಿಕೊಂಡೆ. ಉಳಸ್ರೀ ಅಂತ ಬಾಯಿ ಬಾಯಿ ಬಡ್ಕೊಂಡೆ. ತಿರುಗಿ ಮನಿಗೆ ಹೋಗೂದ್ರಾಗ ಆಕಿ ಇರಲಿಲ್ಲ. ಅಪ್ಪಾ ಎಲ್ಲಿ, ಅಪ್ಪಾ ಎಲ್ಲಿ ಅಂತ ಕೇಳ್ಕೋಂತನ ಹೋದ್ಲಂತ."

"ನನ್ನ ಕಡೆ ಅಂಥಾ ಸಾಲು ಇರಲಿಲ್ಲೋ ತಮ್ಮಾ." ಅಜ್ಜಾರು ಪರದೆಯ ಕಡೆ ಕೈ ತೋರಿದರು. "ಇದ್ದಿದ್ರ ನಾನೂ ಬರೀತಿದ್ದೆ."

ಮುರಿಗೆಪ್ಪ ಬಹಳ ಹೊತ್ತು ಅತ್ತ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಗಿರಿಜಿಯ ಗುರುತೇ ಇಲ್ಲದ ಕೆರೆಯನ್ನು ಇನ್ನೊಮ್ಮೆ ನೋಡಿ, ಕೈ ಚಾಚಿ ಆ ಸಾಲನ್ನು ಅಳಿಸಿದ.

ಚುಕ್ಕೆಗಳು ಒಂದೊಂದಾಗಿ ಮಂಕಾಗತೊಡಗಿದವು.

ಅವನಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ಎದ್ದು ಬಾಗಿಲ ಕಡೆ ಹೊರಟ.

ಅಜ್ಜಾರು ಹೆಗಲ ಮೇಲಿನ ಕಂಬಳಿ ತೆಗೆದರು. ಸಾವಿನ ಮನೆಯಲ್ಲಿ ಹಾಸುವಂತೆ ಅದನ್ನು ಪರದೆಯ ಮುಂದೆ ಹಾಸಿ, ತಾವೂ ಒಂದು ಬದಿಗೆ ಕೂತರು.

"ಅವತ್ತ ಎದ್ದು ಬಂದಿದ್ದಿ," ಎಂದರು. "ಇವತ್ತ ಕುಂದ್ರು."