ಬೊಗಸೆಬಾವಿ

೨೦೦೪ನೇ ಇಸವಿ ಏಪ್ರಿಲ್ ೧೦, ಶನಿವಾರ. ಬೆಳಗಿನಿಂದಲೇ ಬಿರುಬಿಸಿಲು. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಒಂದು ತುಂಡು ಮೋಡ ಕಾಣಿಸಿಕೊಂಡು, ಮಳೆ ತಾರದೆ ಹಾಗೆಯೇ ಕರಗಿಹೋಯಿತು.

ಕೊಳ್ಳೇಗಾಲದ ಮೂಡಣ ಸೀಮೆಯಲ್ಲಿ, ಕುರುಚಲು ಕಾಡಿನ ಗುಡ್ಡಗಳ ನಡುವೆ, ಶಾಂತಪಾಳ್ಯವೆಂಬ ನಲವತ್ತು ಮನೆಗಳ ಕ್ರೈಸ್ತರ ಊರಿದೆ. ಊರ ಗುಡಿಯ ಹಿಂದೆ ನೂರು ಮಾರು ನಡೆದರೆ ಒಂದು ಮೆಟ್ಟಿಲು ಬಾವಿ ಸಿಗುತ್ತದೆ. ಅದಕ್ಕೆ ಬೊಗಸೆಬಾವಿ ಎಂದು ಹೆಸರು. ಕರಿಬಂಡೆಯನ್ನು ಸೀಳಿ ಮಾಡಿದ ಮೂವತ್ತಾರು ಮೆಟ್ಟಿಲುಗಳು ನೀರಿನವರೆಗೆ ಇಳಿಯುತ್ತವೆ. ನಡುವೆ ಎಡಗಡೆಯ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಒಂದು ಮಣ್ಣಿನ ಕೊಡ. ಬಗ್ಗಿ ನೋಡಿದರೆ ಕೊಡ ಖಾಲಿ. ಒಡೆದುಹೋದರೆ ಹೊಸದನ್ನು ತಂದಿಡುತ್ತಾರೆ, ಅದನ್ನೂ ಖಾಲಿಯಾಗಿಯೇ. ವರ್ಷದ ಉಳಿದ ದಿನಗಳಲ್ಲಿ ಈ ಬಾವಿಗೆ ಹಗ್ಗ, ಬಿಂದಿಗೆ, ಈಚೆಗೆ ಮೋಟಾರು ಎಲ್ಲವೂ ಇಳಿಯುತ್ತವೆ. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಹಿಂದಿನ ಶನಿವಾರ ಮಾತ್ರ ಯಾವ ಪಾತ್ರೆಯೂ ನೀರು ಮುಟ್ಟುವಂತಿಲ್ಲ. ಊರವರೆಲ್ಲ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆಯುತ್ತಾರೆ. ಹಾಗೆ ತೆಗೆದದ್ದನ್ನು ತಾವೇ ಕುಡಿಯುವಂತಿಲ್ಲ, ಪಕ್ಕದವರಿಗೆ ಕುಡಿಸಬೇಕು. ಆ ದಿನ ಒಬ್ಬ ಅತ್ತೆ ತನ್ನ ಸೊಸೆಯ ಬಾಯಿಗೆ ಬೊಗಸೆ ಹಿಡಿದು, "ಕುಡಿಯಮ್ಮಿ, ವರ್ಸಕ್ಕೊಂದು ದಿನಾನಾದ್ರೂ ನನ್ನ ಕೈನೀರು ನಿಂಗೆ ಸಿಹಿಯಾಗ್ಲಿ" ಎನ್ನುತ್ತಿದ್ದಳು. ಸೊಸೆ ನಗು ತಡೆಯಲಾರದೆ ಅರ್ಧ ನೀರನ್ನು ಸೆರಗಿಗೆ ಚೆಲ್ಲಿಕೊಂಡಳು.

ಮೆಟ್ಟಿಲು ಗುಡಿಸಿ ಬಾವಿ ನೋಡಿಕೊಳ್ಳುವವರು ಅರುಳಪ್ಪನವರು. ಎಂಬತ್ತೆರಡು ವರ್ಷ, ಕಣ್ಣು ಮಂಜು, ನೆನಪು ಚೊಕ್ಕ. ಕೊಡದ ವಿಷಯ ನಾನು ಕೇಳಿದಾಗ, "ಅದು ಈ ಬಾವಿ ತೋಡ್ದವನ ಕೂಲಿ ಕನಪ್ಪ" ಎಂದರು. ಖಾಲಿ ಇದೆಯಲ್ಲ ಎಂದರೆ, "ಹೂಂ, ಅದಕ್ಕೇ ಹೇಳೋದು ಕೂತ್ಕೊಳಿ ಅಂತ" ಎಂದು ಮೆಟ್ಟಿಲ ಮೇಲಿನ ಧೂಳನ್ನು ಟವಲಿನಿಂದ ಒರೆಸಿದರು. ಮುಂದಿನದು ಅವರ ಬಾಯಿಂದ ಕೇಳಿದ್ದು. ಊರಿನ ಇತರ ಹಿರಿಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಹಿಂದೆ ಒಮ್ಮೆ, ಪರದೇಶದ ಗುರುಗಳು ವರ್ಷಕ್ಕೊಂದು ಸಲ ಕುದುರೆಯ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಿದ್ದ ಕಾಲದಲ್ಲಿ, ಊರಿಗೆ ನೀರಿರಲಿಲ್ಲ. ಹೊಳೆ ಒಂದು ಹರದಾರಿ ದೂರ. ಗುರುಗಳಿಲ್ಲದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸಾಯುವವರ ಬಳಿ ಕೂರುವುದು ಇವೆಲ್ಲ ಉಪದೇಶಿಯ ಪಾಲಿನ ಕೆಲಸ. ಆಗ ಮುಡಿಯಪ್ಪ ಎಂಬುವರು ಉಪದೇಶಿಯಾಗಿದ್ದರು. ಊರವರು ಮೂರು ಸಲ ಬಾವಿ ತೋಡಿಸಲು ನೋಡಿದ್ದರು. ಮೂರು ಸಲವೂ ಎರಡಾಳು ಆಳಕ್ಕೆ ಕರಿಬಂಡೆ ಸಿಕ್ಕಿ, ತೋಡುವವರು ಕೈಚೆಲ್ಲಿ ಹೋಗಿದ್ದರು. ನಾಲ್ಕನೆಯವನಾಗಿ ಬಂದವನು ಗುರುವಬೋವಿ. ನಲವತ್ತು ಬಾವಿ ತೋಡಿದ ಕೈ ಅವನದು. ಊರ ಬಡಗಣ ದಿಣ್ಣೆಯ ಮೇಲೆ, ಕೂಗಳತೆಯ ದೂರದಲ್ಲಿ, ಗುಡಿಸಲು ಹಾಕಿದ. ಜೊತೆಗಿದ್ದವಳು ಒಬ್ಬಳೇ ಮಗಳು ಚೆನ್ನಿ, ಹದಿನೈದರ ವಯಸ್ಸು. ಅವನ ಹೆಂಡತಿ ಎರಡು ವರ್ಷದ ಹಿಂದೆ ಒಂದು ವಿಚಿತ್ರ ರೋಗದಲ್ಲಿ ತೀರಿಕೊಂಡಿದ್ದಳು. ಎಷ್ಟು ಕುಡಿದರೂ ಬಾಯಾರಿಕೆ ತಣಿಯದು, ಎಷ್ಟು ಉಂಡರೂ ಮೈ ಕಡ್ಡಿಯಾಗುತ್ತಲೇ ಹೋಗುವುದು. ತುಂಬಿದ ಕೊಡ ತಲೆದೆಸೆಯಲ್ಲಿರುವಾಗಲೇ ಅವಳು ನೀರು, ನೀರು ಎನ್ನುತ್ತ ಪ್ರಾಣ ಬಿಟ್ಟಳಂತೆ. ಅದೇ ರೋಗ ಈಗ ಮಗಳಿಗೆ ಹತ್ತಿತ್ತು.

ಬಂದ ವಾರ, ಭಾನುವಾರದ ಸಂಜೆ, ಗುರುವಬೋವಿ ಗುಡಿಯ ಹೊರಗಿನ ಜಗುಲಿಯಲ್ಲಿ ಕೂತಿದ್ದ. ಒಳಗೆ ಮುಡಿಯಪ್ಪನವರು ಸಮಾರ್ಯ ಸೀಮೆಯ ಹೆಂಗಸಿನ ಕಥೆ ಹೇಳುತ್ತಿದ್ದರು. ನಡೆದು ದಣಿದ ಯೇಸುಸ್ವಾಮಿ ಬಾವಿಕಟ್ಟೆಯ ಮೇಲೆ ಕೂತು ನೀರು ಸೇದಲು ಬಂದವಳನ್ನು ನೀರು ಕೇಳಿದ್ದು, ಆಮೇಲೆ ಅವಳಿಗೆ, ಈ ನೀರು ಕುಡಿದವರಿಗೆ ಮತ್ತೆ ದಾಹವಾಗುತ್ತದೆ, ನಾನು ಕೊಡುವ ನೀರು ಕುಡಿದವರಿಗೆ ಎಂದೆಂದೂ ದಾಹವಾಗದು, ಅದು ಅವರ ಒಳಗೇ ನಿತ್ಯಜೀವದ ಚಿಲುಮೆಯಾಗಿ ಉಕ್ಕುತ್ತದೆ ಎಂದದ್ದು. ಒಳಗೆ ಕೂತವರಿಗೆ ಅದು ಹಲವು ಸಲ ಕೇಳಿದ ಉಪದೇಶ. ಹೊರಗೆ ಕೂತವನು ನೀರಿನ ಕಸುಬಿನವನು. ಅವನಿಗೆ ಅದು ಒಂದು ನೀರಿನ ಸುದ್ದಿ. ನಲವತ್ತು ಬಾವಿಗಳಲ್ಲಿ ಸಿಹಿನೀರು, ಸಪ್ಪೆ ನೀರು, ಉಪ್ಪುನೀರು, ಗಂಧಕದ ವಾಸನೆಯ ನೀರು ಎಲ್ಲವನ್ನೂ ಕಂಡವನು, ಇದೊಂದನ್ನು ಮಾತ್ರ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಊರವರ ಮುಂದೆ ನಿಂತು ಹೇಳಿದ: "ಬಂಡೆ ಸೀಳಿ ನೀರು ಬರಿಸ್ತೀನಿ. ದುಡ್ಡು ಬ್ಯಾಡ, ದವಸ ಬ್ಯಾಡ. ಕುಡುದ್ರೆ ಮತ್ತೆ ದಾಹ ಆಗ್ದೆ ಇರೋ ನೀರು ನಿಮ್ತಾವು ಅದೆಯಂತಲ್ಲ, ಅದ್ರಲ್ಲಿ ಒಂದು ಕೊಡ ಕೊಡಿ. ನನ್ನ ಕೂಸಿಗೆ."

ಅದು ಅಂಥ ನೀರಲ್ಲ ಎಂದು ಹೇಳಲು ಮುಡಿಯಪ್ಪನವರು ಬಾಯಿ ತೆರೆದರು. ಹೇಳಿದರೆ ಇವನೂ ಹೊರಟುಹೋಗುತ್ತಾನೆ ಎಂಬ ಯೋಚನೆ ಆ ಗಳಿಗೆಯಲ್ಲೇ ಬಂತು. ಆ ವರ್ಷ ಹೊಳೆಯ ದಾರಿಯಲ್ಲಿ ಇಬ್ಬರು ಬಸುರಿಯರು ಬಿದ್ದಿದ್ದರು. ಮುಡಿಯಪ್ಪನವರು ಒಂದೇ ಮಾತು ಹೇಳಿದರು: "ಆಗಲಿ."

ಐದು ತಿಂಗಳು ಕೆಲಸ ನಡೆಯಿತು. ಹಗಲೆಲ್ಲ ಬಂಡೆಯ ಮೇಲೆ ಸೌದೆ ಒಟ್ಟಿ ಉರಿಸುವುದು, ಕಾದ ಕಲ್ಲಿಗೆ ತಣ್ಣೀರು ಸುರಿದು ಬಿರುಕು ಬಿಡಿಸುವುದು, ಬಿರುಕಿಗೆ ಹಾರೆ ಹಾಕಿ ಮೀಟುವುದು, ಇಳಿಯಲು ಮೆಟ್ಟಿಲು ಕಡಿಯುತ್ತ ಹೋಗುವುದು, ಮಂಕರಿಯಲ್ಲಿ ಚೂರು ಹೊರುವುದು. ಹೊರಲು ಊರವರೆಲ್ಲ ಇಳಿದರು. ಚೆನ್ನಿ ಬಾವಿಯ ಬಾಯಲ್ಲಿ ಕೂತು, ಪಕ್ಕದ ಮಡಕೆಯಿಂದ ಮತ್ತೆ ಮತ್ತೆ ನೀರು ಕುಡಿಯುತ್ತ, ಅಪ್ಪನ ಸುತ್ತಿಗೆಯ ಸದ್ದು ಎಣಿಸುತ್ತಿದ್ದಳು. ಬೇರೆ ಯಾರಾದರೂ ಬಿಟ್ಟುಹೋಗುತ್ತಿದ್ದ ಆಳವನ್ನು ದಾಟಿ ಬೋವಿ ಇನ್ನೂ ಕೆಳಕ್ಕೆ ಹೋದ. ಮುಡಿಯಪ್ಪನವರೂ ಮಂಕರಿ ಹೊರುತ್ತಿದ್ದರು. ದಿನವೂ ಅವನ ಮುಖ ನೋಡುತ್ತಿದ್ದರು. ದಿನವೂ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದರು. ಕಾರ್ತಿಕದ ಒಂದು ಬೆಳಿಗ್ಗೆ, ಒಂಬತ್ತನೆಯ ಆಳಿನಲ್ಲಿ, ಹಾರೆ ಬಿದ್ದ ಕಡೆ ಬಂಡೆ ಬೇರೆಯೇ ದನಿಯಲ್ಲಿ ನುಡಿಯಿತು. ಬೋವಿ ಎಲ್ಲರನ್ನೂ ಮೇಲೆ ಹತ್ತಿಸಿ ಕೊನೆಯ ಏಟು ತಾನೊಬ್ಬನೇ ಹಾಕಿದ. ಬಂಡೆಯ ಬಿರುಕಿನಿಂದ ನೀರು ಆಳೆತ್ತರಕ್ಕೆ ಎದ್ದಿತು, ಎದ್ದಾಗ ಅದರಲ್ಲಿ ಬಿಸಿಲು ಬಿದ್ದು ಬಾವಿಯ ಗೋಡೆಗಳೆಲ್ಲ ಬೆಳಗಿದವು ಎನ್ನುತ್ತಾರೆ. ಮೇಲೆ ನಿಂತ ಹೆಂಗಸರು ಮೊಣಕಾಲೂರಿದರು. ಲೋಕ ಹುಟ್ಟಿದ ದಿನದಿಂದ ಕಲ್ಲಿನ ಕೆಳಗೆ ಕಾಯುತ್ತಿದ್ದ ನೀರು ತಮ್ಮ ಕಣ್ಣ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಬರುವುದನ್ನು ಅವರು ನೋಡಿದರು.

ಮಧ್ಯಾಹ್ನ ಬೋವಿ ಮಿಂದು, ಒಗೆದ ರುಮಾಲು ಸುತ್ತಿ, ಹೊಸ ಕೊಡವೊಂದನ್ನು ತಂದು ಮುಡಿಯಪ್ಪನವರ ಮುಂದಿಟ್ಟ. ಇನ್ನಾಸಿ ಎಂಬ ಬಾಯಿಬಡುಕನೊಬ್ಬ ಉಪದೇಶಿಯ ಕಿವಿಯ ಬಳಿ ಬಗ್ಗಿ, "ಇದೇ ನೀರು ತುಂಬಿ, ಮೇಲೊಂದು ಸಿಲುಬೆ ಗುರ್ತು ಹಾಕಿ ಕೊಟ್ಬುಡಿ. ಅವನೇನು ಆ ನೀರಿನ ರುಚಿ ಕಂಡವನಾ?" ಎಂದ. ಮುಡಿಯಪ್ಪನವರು ಕೊಡವನ್ನು ಎತ್ತಿಕೊಂಡದ್ದೂ ನಿಜ, ಒಂದೆರಡು ಮೆಟ್ಟಿಲು ಇಳಿದದ್ದೂ ನಿಜ ಎನ್ನುತ್ತಾರೆ. ಅಲ್ಲಿಂದ ತಿರುಗಿ ಬಂದು, ಎಲ್ಲರ ಎದುರಿಗೆ ಬೋವಿಯ ಕಾಲ ಬಳಿ ಮೊಣಕಾಲೂರಿ, ಕೊಡದಲ್ಲಿ ತುಂಬಿ ಕೊಡುವ ಅಂಥ ನೀರು ತಮ್ಮಲ್ಲಿಲ್ಲವೆಂದೂ, ಅದು ಆತ್ಮಕ್ಕೆ ಸಂಬಂಧಪಟ್ಟದ್ದೆಂದೂ, ಮೊದಲ ದಿನವೇ ಹೇಳಬೇಕಾಗಿದ್ದನ್ನು ಬಾವಿಯ ಆಸೆಗೆ ಮುಚ್ಚಿಟ್ಟೆನೆಂದೂ ಹೇಳಿದರು.

ಬೋವಿ, "ಇನ್ನು ಹತ್ತು ಮೊಳ ಮಗಾ, ಇನ್ನು ಐದು ಮೊಳ ಅಂತ ದಿನಾ ಕೂಸಿಗೆ ಹೇಳ್ಕಂಡು ಬಂದಿವ್ನಿ" ಎಂದ. ಅಷ್ಟೇ. ಕೊಡವನ್ನು ತೆಗೆದುಕೊಂಡು ಹೋಗಿ, ತಾನು ದೀಪವಿಡಲು ಕೊರೆದಿದ್ದ ಗೂಡಿನಲ್ಲಿಟ್ಟ. ಬಾವಿ ತೋಡುವವರಲ್ಲಿ ಆಗ ಒಂದು ಕಟ್ಟು ಇತ್ತಂತೆ: ಕೂಲಿ ಸಲ್ಲುವ ತನಕ ಆ ಬಾವಿಗೆ ಯಾರೂ ಹಗ್ಗ, ಕೊಡ ಇಳಿಸುವಂತಿಲ್ಲ. ಬಾಯಾರಿದವನು ಕೈಯಲ್ಲಿ ತೆಗೆದು ಕುಡಿದರೆ ಮಾತ್ರ ತಡೆಯುವಂತಿಲ್ಲ. ಊರವರು ಆ ಕಟ್ಟನ್ನು ಮೀರಲಿಲ್ಲ. ತುಂಬಿದ ಬಾವಿಯನ್ನು ಹಿತ್ತಿಲಲ್ಲಿ ಇಟ್ಟುಕೊಂಡು ಹೆಂಗಸರು ಮತ್ತೆ ಹೊಳೆಗೆ ನಡೆದರು. ಬಾಯಾರಿದಾಗ ಮೆಟ್ಟಿಲಿಳಿದು ಬೊಗಸೆಯಲ್ಲಿ ಕುಡಿದರು. ದಾರಿಹೋಕರು ಬೊಗಸೆಬಾವಿ ಎಂದು ಕರೆಯತೊಡಗಿದ್ದು ಆಗಲೇ.

ಮರುದಿನದಿಂದ ಮುಡಿಯಪ್ಪನವರು ಒಂದು ಕೆಲಸ ಹಿಡಿದರು. ದಿನವೂ ಬಿಸಿಲು ಇಳಿಯುವ ಹೊತ್ತಿಗೆ ಬೊಗಸೆ ತುಂಬಿಕೊಂಡು, ಮೂವತ್ತಾರು ಮೆಟ್ಟಿಲು ಹತ್ತಿ, ದಿಣ್ಣೆಯ ಗುಡಿಸಲಿಗೆ ನಡೆಯುತ್ತಿದ್ದರು. ತಲುಪುವಾಗ ಬೆರಳು ಒದ್ದೆಯಾಗಿರುತ್ತಿತ್ತು, ಅಷ್ಟೇ. ಬೋವಿ ಮುಖ ತಿರುಗಿಸಿ ಕೂರುತ್ತಿದ್ದ. ಹಾಸಿಗೆ ಹಿಡಿದಿದ್ದ ಚೆನ್ನಿ ಮಾತ್ರ, "ಉಪದೇಸಿ ಮಾವ, ಇವತ್ತು ಎಷ್ಟು ಹನಿ?" ಎಂದು ಗೇಲಿ ಮಾಡುತ್ತಿದ್ದಳು. "ಎರಡು ಕೂಸೇ." "ನಿನ್ನೆ ಮೂರಿತ್ತು. ವಯಸ್ಸಾಯ್ತು ನಿಂಗೆ."

ದಿನ ಕಳೆದಂತೆ ಅವರ ಕೈ ಬಿಗಿಯಾಯಿತು, ನಡೆ ಮೆತ್ತಗಾಯಿತು. ಅರ್ಧ ಬೊಗಸೆ ಉಳಿಯತೊಡಗಿತು. ಒಂದು ದಿನ ಅವಳು, ಇದು ಆ ನೀರೇನೂ ಅಲ್ಲವಲ್ಲ, ಮತ್ತೆ ಯಾಕೆ ತರುತ್ತೀ ಎಂದು ಕೇಳಿದಳು. ಕೊಡಬೇಕಾದ್ದು ಇದೆ, ಅದಕ್ಕೆ ಎಂದರು. ಹಾಗಾದರೆ ಆ ನೀರು ಎಲ್ಲಿದೆ ಎಂದಳು. ಅಂದಿನಿಂದ ದಿನಕ್ಕಿಷ್ಟು ಹೇಳುತ್ತ ಬಂದರು. ಬಾವಿಯ ಬಳಿ ಕೊಡವನ್ನೇ ಮರೆತು ಊರಿಗೆ ಓಡಿದ ಆ ಹೆಂಗಸಿನ ಕಥೆಯಿಂದ ಹಿಡಿದು, ಶಿಲುಬೆಯವರೆಗೆ. ಶಿಲುಬೆಯ ಮೇಲೆ ಯೇಸುಸ್ವಾಮಿ "ನನಗೆ ದಾಹವಾಗಿದೆ" ಎಂದರು ಎಂಬಲ್ಲಿಗೆ ಬಂದಾಗ ಚೆನ್ನಿ ಮೊಣಕೈ ಊರಿ ಎದ್ದು ಕೂತಳು.

"ಆ ನೀರು ಕೊಡೋನಿಗೇ ಬಾಯಾರಿತ್ತಾ?"

"ಹೂಂ ಕೂಸೇ."

"ಯಾರೂ ನೀರು ಕೊಡ್ನಿಲ್ವಾ?"

"ಹುಳಿರಸ ಕೊಟ್ರು."

ಅಂದಿನ ಬೊಗಸೆಯನ್ನು ಅವಳು ಕುಡಿಯಲಿಲ್ಲ. "ಇವತ್ತಿಂದು ಅವನಿಗೆ" ಎಂದು ಮುಡಿಯಪ್ಪನವರ ಕೈಯನ್ನು ಬಗ್ಗಿಸಿ ನೆಲಕ್ಕೆ ಬಿಡಿಸಿದಳು. ಹಗಲಿರುಳೂ ದಾಹದಲ್ಲಿ ಬೇಯುತ್ತಿದ್ದ ಹುಡುಗಿ ತನ್ನ ಪಾಲಿನ ನೀರನ್ನು ಇನ್ನೊಬ್ಬನ ದಾಹಕ್ಕೆ ಕೊಟ್ಟದ್ದನ್ನು ನೋಡಿ ಬೋವಿ ಆ ದಿನ ಮೊದಲ ಸಲ ಇತ್ತ ತಿರುಗಿ ಕೂತ ಎನ್ನುತ್ತಾರೆ.

ಪಾಸ್ಕದ ಹಿಂದಿನ ಶುಕ್ರವಾರ ಅವಳು ಕ್ರೈಸ್ತಳಾಗಲು ಜ್ಞಾನಸ್ನಾನ ಕೇಳಿದಳು. ಬೋವಿ ಉಪದೇಶಿಯ ಕಡೆ ನೋಡಿ, "ಇದು ಇನ್ನೊಂದು ಸುಳ್ಳಾ?" ಎಂದ. ಮುಡಿಯಪ್ಪನವರು, ರೋಗ ಹೋಗುತ್ತದೆ ಎಂದು ನಾನು ಹೇಳಲಾರೆ, ಅವಳು ಬದುಕುತ್ತಾಳೆ ಎಂದೂ ಹೇಳಲಾರೆ ಎಂದರು. "ಅಪ್ಪಯ್ಯ, ಅವ್ರು ಇಲ್ಲ ಅಂದದ್ದನ್ನೂ ನಾ ಕೇಳಿವ್ನಿ. ಹೂಂ ಅನ್ನು" ಎಂದಳು ಚೆನ್ನಿ. ಅವನು ಹೂಂ ಎಂದ. ಸಾಯುವವರು ಬಯಸಿದಾಗ ಗುರುಗಳಿಗಾಗಿ ಕಾಯಬೇಕಾಗಿಲ್ಲ. ನೀರು, ಹೇಳಬೇಕಾದ ಮಾತು, ಕೊಡುವ ಮನಸ್ಸು ಇದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಶನಿವಾರ ಮಧ್ಯಾಹ್ನ ಮುಡಿಯಪ್ಪನವರು ಬಾವಿಗಿಳಿದು ಬೊಗಸೆ ತುಂಬಿಕೊಂಡರು. ಊರಿಗೆ ಊರೇ ದಾರಿಯ ಎರಡೂ ಬದಿಗೆ ನಿಂತಿತ್ತು. ಇನ್ನಾಸಿಯೂ ಬಾಯಿ ಮುಚ್ಚಿ ನಿಂತಿದ್ದ. ಬಾವಿಯಿಂದ ಗುಡಿಸಲವರೆಗೆ, ಆ ಉರಿಬಿಸಿಲಿನಲ್ಲಿ, ಅವರ ಕೈಯಿಂದ ಒಂದು ಹನಿಯೂ ಬೀಳಲಿಲ್ಲ. ನೀರು ತುಂಬಿದ ಹಾಗೆಯೇ, ಅಲುಗದೆ, ಆಕಾಶವನ್ನು ಹಿಡಿದುಕೊಂಡು ಹೋಯಿತು ಎನ್ನುತ್ತಾರೆ. ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಅದನ್ನು ಅವಳ ನೆತ್ತಿಗೆ ಮೂರು ಸಲ ಹೊಯ್ದರು.

ಇಷ್ಟು ಹೇಳಿ ಅರುಳಪ್ಪನವರು ಎದ್ದರು. ಬಿಸಿಲು ಇಳಿದಿತ್ತು. ಮೆಟ್ಟಿಲುಗಳ ಮೇಲೆ ಜನ ಇಳಿಯುತ್ತ, ಬೊಗಸೆ ಚಾಚುತ್ತ, ಒಬ್ಬರ ಕೈಗೆ ಒಬ್ಬರು ಬಾಗುತ್ತ ಇದ್ದರು. ದೂರದಿಂದ ಬಂದವರು ಗೂಡಿನ ಮುಂದೆ ನಿಂತು ಕೊಡದೊಳಗೆ ಇಣುಕಿ ನೋಡಿ ಮುಂದೆ ಹೋಗುತ್ತಿದ್ದರು. ಅರುಳಪ್ಪನವರು ಕೆಳಗಿಳಿದು, ಬೊಗಸೆಯಲ್ಲಿ ನೀರು ತಂದು ನನ್ನ ಬಾಯಿಗೆ ಹಿಡಿದರು. ತಣ್ಣಗೆ, ಕಲ್ಲಿನ ರುಚಿ. ಕುಡಿದಾದ ಮೇಲೆ, ಬೋವಿಗೆ ಕೊನೆಗೆ ಏನು ಸಂದಿತು ಎಂದು ಕೇಳಿದೆ.

ಅಂದು ಸಂಜೆಯ ಮುನ್ನವೇ ಚೆನ್ನಿಗೆ ಉಸಿರು ಸಣ್ಣಗಾಯಿತಂತೆ. ಬೋವಿ ತುಂಬಿದ ಮಡಕೆಯನ್ನು ಹತ್ತಿರಕ್ಕೆ ಎಳೆದು, ಅವಳ ತಾಯಿಗೆ ಹಿಡಿದ ಹಾಗೆಯೇ, ಕೈಯಲ್ಲಿ ನೀರು ಹಿಡಿದು ಕಾದ. ಅವಳು ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮರುದಿನ ಬೆಳಿಗ್ಗೆ ಮುಡಿಯಪ್ಪನವರೊಡನೆ ಅವಳನ್ನು ಮಣ್ಣು ಮಾಡಿದ ಮೇಲೆ, ಅವನು ನೇರವಾಗಿ ಬಾವಿಗೆ ಬಂದ. ಬಾವಿ ಮುಚ್ಚಲು ಬಂದನೆಂದು ಊರವರು ಹೆದರಿ ನಿಂತರು. ಅವನು ಗೂಡಿನ ಕೊಡವನ್ನು ಮುಟ್ಟಿ ನೋಡಿ, ಅಲ್ಲಿಯೇ ಬಿಟ್ಟು, ಮೇಲೆ ನಿಂತ ಹೆಂಗಸರ ಕಡೆ ತಿರುಗಿ ಹೇಳಿದ:

"ನಿಮ್ಮ ಕೊಡ ಇಳಿಸ್ರವ್ವ. ನನ್ನ ಮಗಳು ಬಾಯಾರಿಕೆ ಇಲ್ಲ ಕನಪ್ಪಯ್ಯ ಅಂದು ಹೋದ್ಳು. ಕೂಲಿ ಸಂದದೆ."