ಮಾಳಿಗೆಗೆಂದು ಎತ್ತಿಟ್ಟ ಸುಣ್ಣ

"ಗುರುಗಳೇ, ಸಿದ್ಧತೆ ಸಾಕಾಯಿತು ಎಂದು ತಿಳಿಯುವುದು ಹೇಗೆ?"

ಕೇಳಿದವನು ಏಳು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಅವನ ಸನ್ಯಾಸದೀಕ್ಷೆಗೆ ಮೂರು ಸಲ ದಿನ ಗೊತ್ತಾಗಿತ್ತು. ಇನ್ನೊಂದು ವರ್ಷ ಹೋಗಲಿ, ಇನ್ನೂ ಗಟ್ಟಿಯಾಗಬೇಕು ಎಂದು ಮೂರು ಸಲವೂ ಅವನೇ ಮುಂದೆ ಹಾಕಿದ್ದ. ನಾಲ್ಕನೆಯ ದಿನ ಹತ್ತಿರ ಬಂದಿತ್ತು. ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಕಡಿಮೆ ಮಾತಿನವರು. ಕೂರು ಎಂದರು. ಅವನು ಕೂತ. ಅವರು ಈ ಕತೆ ಹೇಳಿದರು.

ಒಬ್ಬ ಸುಣ್ಣಗಾರನ ಅಡುಗೆಮನೆಯ ಜಂತಿ ಮುರಿದು ಒಲೆಯ ಮೇಲೆ ಬಿತ್ತು. ಅದರ ಹಿಂದೆ ಒಂದು ಗಾಡಿ ಮಣ್ಣು ಬಿತ್ತು. ಹೆಂಡತಿ ಆ ಹೊತ್ತಿಗೆ ನೀರಿಗೆ ಹೋಗಿದ್ದಳು. ಅದಕ್ಕೇ ಬದುಕಿದಳು.

ಅವನ ಊರು ಸುಣ್ಣದ ಕಲ್ಲಿನ ಬಯಲಿನಲ್ಲಿತ್ತು. ಬೇಸಿಗೆಯಲ್ಲಿ ಅಲ್ಲಿ ಕಲ್ಲು ಕೂಡ ಬಿರಿಯುತ್ತಿತ್ತು. ಮಳೆ ವರ್ಷಕ್ಕೆ ಹತ್ತೋ ಹನ್ನೆರಡೋ ಸಲ ಬರುತ್ತಿತ್ತು. ಬಂದರೆ ಬಡಿಗೆ ಹಿಡಿದು ಬಂದಂತೆ ಬರುತ್ತಿತ್ತು. ಊರಿನ ಮನೆಗಳ ಮೇಲೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ ಹಾಸಿ, ಅದರ ಮೇಲೆ ಮೊಳದಷ್ಟು ಮಣ್ಣು ಬಡಿದು ಕೂರಿಸಿದ್ದು. ಬೇಸಿಗೆ ಅದನ್ನು ಸೀಳುತ್ತಿತ್ತು, ಮಳೆ ಆ ಸೀಳಿನಲ್ಲಿ ಇಳಿಯುತ್ತಿತ್ತು. ಅನುಕೂಲ ಇದ್ದವರು ಮಣ್ಣು ತೆಗೆಸಿ ಸುಣ್ಣದ ಗಚ್ಚು ಹಾಕಿಸಿಕೊಂಡಿದ್ದರು. ಗಚ್ಚಿನ ಮಾಳಿಗೆ ಮೂರು ತಲೆಮಾರು ಸೋರದು. ಆ ಗಚ್ಚಿಗೆಲ್ಲ ಸುಣ್ಣ ಹೋದದ್ದು ಇವನ ಭಟ್ಟಿಯಿಂದ. ಇವನ ಮನೆ ಮಾತ್ರ ಸೋರುತ್ತಿತ್ತು.

ಜಂತಿ ಬಿದ್ದ ಮೇಲೆ ಅವನಿಗೆ ಬೇರೆ ಯೋಚನೆ ಇಲ್ಲವಾಯಿತು. ಉಣ್ಣುವಾಗ ಮೇಲೆ ನೋಡುತ್ತಿದ್ದ. ಮಾತಾಡುವಾಗ ಮೇಲೆ ನೋಡುತ್ತಿದ್ದ. ಬಟ್ಟಲಲ್ಲಿ ಒಂದು ಚಿಟಿಕೆ ಮಣ್ಣು ಉದುರಿದರೆ ಆ ಹೊತ್ತಿನ ಊಟ ಅಲ್ಲಿಗೆ ಮುಗಿಯುತ್ತಿತ್ತು.

ಊರಿನ ಮನೆಗಳನ್ನು ಕಟ್ಟಿದ ಹಳೆಯ ಗೌಂಡಿ ಬಂದ. ಮಾಳಿಗೆ ಹತ್ತಿ ಉದ್ದಗಲ ಹೆಜ್ಜೆ ಹಾಕಿ ಅಳೆದ. ಹಣ ಇವನ ಹತ್ತಿರ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಲೆಕ್ಕವನ್ನು ಸುಣ್ಣದಲ್ಲೇ ಹೇಳಿದ. ಗಚ್ಚಿಗೆ ಇಪ್ಪತ್ತು ಹೇರು. ಗೌಂಡಿಯ ಕೂಲಿ, ಬಡಿಗನ ಕೂಲಿ, ತೊಲೆ, ಎಲ್ಲ ಸೇರಿ ಹತ್ತು ಹೇರು. ಮೂವತ್ತು ಕೂಡಿಸು, ಕೆಲಸ ಹಿಡಿಯೋಣ ಎಂದ.

ಸುಣ್ಣಗಾರ ಅಂದಿನಿಂದ ಒಂದೊಂದು ಭಟ್ಟಿ ಸುಟ್ಟಾಗಲೂ ಒಂದೊಂದು ಹೇರು ಮನೆಗೆ ತಂದ. ಭಟ್ಟಿಯ ಹತ್ತಿರ ಬಿಟ್ಟರೆ ಕಳ್ಳರ ಭಯ, ಮಳೆಯ ಭಯ. ನಡುಮನೆಯ ಪಕ್ಕದಲ್ಲಿ ಕಾಳು ತುಂಬುವ ಒಂದು ಕೋಣೆ ಇತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಕೆಳಗೆ ಜೋಳದ ದಂಟು ಹಾಸಿ, ಸುಟ್ಟ ಸುಣ್ಣದ ಹರಳುಗಳನ್ನು ಒಟ್ಟಿ, ಮೇಲೆ ಮತ್ತೆ ದಂಟು ಮುಚ್ಚಿದ. ಬಾಗಿಲಿನ ಸಂದಿಗೆ ಸೆಗಣಿ ಮಣ್ಣು ಮೆತ್ತಿದ. ಹಳೆಯ ಹರಳು ಗಾಳಿಗೆ ಪುಡಿಯಾಗುತ್ತದೆ. ಅದಕ್ಕೆ ಪ್ರತಿ ಸಲ ಹಳೆಯದನ್ನು ಸಂತೆಗೆ ಒಯ್ದು, ಅದರ ಜಾಗದಲ್ಲಿ ಹೊಸದನ್ನು ತುಂಬುತ್ತಿದ್ದ. ಮೈಗಳ್ಳನಲ್ಲ ಅವನು. ಅಷ್ಟು ಜಾಗರೂಕ ಮನುಷ್ಯ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಮೂರನೆಯ ದೀಪಾವಳಿಗೆ ಮೂವತ್ತು ಹೇರು ತುಂಬಿತು.

ಆ ಸೀಮೆಯಲ್ಲಿ ಮಾಳಿಗೆ ಬಿಚ್ಚಲು ಸಿಗುವ ಕಾಲ ಸಣ್ಣದು. ಮಳೆಗಾಲದಲ್ಲಿ ಬಿಚ್ಚುವಂತಿಲ್ಲ. ಬೇಸಿಗೆಯಲ್ಲಿ ಹಸಿ ಗಚ್ಚು ಒಡೆಯುತ್ತದೆ. ಚಳಿಗಾಲದಲ್ಲಿ ಹಿಡಿದು ಶಿವರಾತ್ರಿಯೊಳಗೆ ಮುಗಿಸಬೇಕು. ಗೌಂಡಿ ದೀಪಾವಳಿಯ ಮಾರನೆಯ ದಿನವೇ ಬಂದ. ಹಿತ್ತಿಲಿನಲ್ಲಿ ಕೋಲಿನಿಂದ ಗೆರೆ ಎಳೆದ.

"ತಮ್ಮಾ, ಇಲ್ಲೊಂದು ಕುಣಿ ತೋಡು. ಇಪ್ಪತ್ತು ಹೇರು ನೀರಿಗೆ ಹಾಕು. ಸಂಕ್ರಾಂತಿ ಮಟ ಚಲೋತ್ನಂಗ ಅರಳಲಿ. ಆಮ್ಯಾಲೆ ಮಾಳಿಗಿ ಬಿಚ್ಚೋಣು."

"ಬಿಚ್ಚಿದ ಮ್ಯಾಲೆ ಗ್ವಾಡಿ ಮೆತ್ತಗೈತಿ ಅಂತ ಗೊತ್ತಾದ್ರ?"

"ಗ್ವಾಡಿ ಕಟ್ಟೋಣು."

"ಅದಕ್ಕ ಸುಣ್ಣ?"

"ಮತ್ತೊಂದು ಭಟ್ಟಿ ಸುಡ್ತಿ."

"ಅಷ್ಟೊತ್ತಿಗೆ ನಾ ಜಡ್ಡಿಗೆ ಬಿದ್ದಿದ್ರ?"

ಗೌಂಡಿ ಕೋಲು ಕೆಳಗಿಟ್ಟ. "ಬಿಚ್ಚಿದ ಮ್ಯಾಲೆ ಕಾಣೂದನ್ನ ಬಿಚ್ಚೂಕಿಂತ ಮೊದಲ ನೋಡಬೇಕಂತಿ. ಹಂಗಾರ ನನ್ನ ಯಾಕ ಕರದಿ? ಜೋಯಿಸರನ್ನ ಕರೀಬೇಕಿತ್ತು" ಎಂದ.

ಸುಣ್ಣಗಾರ ನಗಲಿಲ್ಲ. ಇನ್ನೈದು ಹೇರು ಆಗಲಿ ಎಂದ. ಗೌಂಡಿ ಹೋದ.

ಅವನು ಹೇಳದೆ ಉಳಿಸಿಕೊಂಡ ಮಾತು ಬೇರೆ ಇತ್ತು. ನೀರಿಗೆ ಬಿದ್ದ ಸುಣ್ಣವನ್ನು ಸಂತೆಯಲ್ಲಿ ಮಾರಲಾಗದು. ಕುಣಿಯಲ್ಲಿ ಅರಳಿದ ಮೇಲೆ ಅದು ಮಾಳಿಗೆಯ ಸುಣ್ಣ, ಮತ್ತೆ ಯಾವುದಕ್ಕೂ ಬಾರದು. ಹರಳಾಗಿ ಕೋಣೆಯಲ್ಲಿದ್ದರೆ ಮಾಳಿಗೆಗೂ ಆದೀತು, ಮಗಳ ಮದುವೆಗೂ ಆದೀತು, ಕಾಲು ಮುರಿದುಕೊಂಡರೆ ವೈದ್ಯನಿಗೂ ಆದೀತು. ಬಾಗಿಲ ಮುಂದೆ ನಿಂತಾಗಲೆಲ್ಲ ಅವನಿಗೆ ಇದರಿಂದ ಒಂದು ಗಳಿಗೆ ಧೈರ್ಯ ಬರುತ್ತಿತ್ತು. ಮೇಲೆ ನೋಡಿದಾಗ ಹೋಗುತ್ತಿತ್ತು.

ಮರುವರ್ಷ ಮೂವತ್ತೈದು ದಾಟಿತು. ಬಿಚ್ಚಿದ ನಡುವೆ ಅಡ್ಡಮಳೆ ಬಂದು ಕಲಸಿದ ಗಚ್ಚು ಕೊಚ್ಚಿಹೋದರೆ ಎಂದು ಹತ್ತು ಸೇರಿಸಿದ. ಅದೇ ವರ್ಷ ಮಗಳ ಮದುವೆಯಾಯಿತು. ಅದಕ್ಕೆ ಒಂದು ಹೇರೂ ಮುಟ್ಟಬೇಕಾಗಲಿಲ್ಲ. ಖರ್ಚು ಬೇರೆ ಕಡೆಯಿಂದ ಒದಗಿತು. ಅದರ ಮುಂದಿನ ವರ್ಷ ಬಡಿಗನೇ ಸತ್ತ. ಹೊಸ ಬಡಿಗ ಎಷ್ಟು ಕೇಳುತ್ತಾನೋ ಎಂದು ಮತ್ತೆ ಸೇರಿಸಿದ.

ಕುಣಿಯನ್ನು ಕೊನೆಗೆ ಹೆಂಡತಿಯೇ ತೋಡಿದಳು. ಗೌಂಡಿ ಗೆರೆ ಎಳೆದ ಜಾಗದಲ್ಲೇ ತೋಡಿ, ಗುದ್ದಲಿ ಒರಗಿಸಿ, ಗಂಡನ ಮುಂದೆ ಬಂದು ನಿಂತಳು.

"ಯಾರರ ಹಾಲು ಕೇಳಾಕ ಬಂದಾರು ಅಂತ ಹೆಪ್ಪು ಹಾಕದ ಕುಂತ್ರ, ಮಸರು ಎಲ್ಲಿಂದ ಬರಬೇಕ್ರಿ?"

ಅವನು ಎದ್ದು ಭಟ್ಟಿಯ ಕಡೆ ಹೋದ. ಕುಣಿಯಲ್ಲಿ ಕೋಳಿಗಳು ಮಣ್ಣು ಕೆದರಿಕೊಂಡು ಮಲಗತೊಡಗಿದವು.

ಮಳೆಗಾಲ ಬಂದಾಗಲೆಲ್ಲ ಅವನ ಭಯ ಆ ಕೋಣೆಯ ಮೇಲೆ ಹೋಗಿ ಕೂರುತ್ತಿತ್ತು. ಮನೆ ಎಲ್ಲಿ ಬೇಕಾದರೂ ಸೋರಲಿ, ಅಲ್ಲಿ ಸೋರಬಾರದು. ಬೇಸಿಗೆಯ ಕೊನೆಗೆ ಮಾಳಿಗೆಗೆ ಮಣ್ಣು ಮೆತ್ತುವಾಗ ಆ ಕೋಣೆಯ ಮೇಲೆ ಎರಡು ಪದರ ಮೆತ್ತುತ್ತಿದ್ದ. ವರ್ಷ ವರ್ಷವೂ ಎರಡೆರಡು. ಹಳೆಯದನ್ನು ತೆಗೆಯಲು ಧೈರ್ಯ ಸಾಲುತ್ತಿರಲಿಲ್ಲ. ಆ ಭಾರಕ್ಕೆ ಜಂತಿಗಳು ನಿಧಾನವಾಗಿ ಬಾಗಿದವು. ಸುಣ್ಣ ಬದಲಿಸಲು ಬಾಗಿಲು ತೆಗೆದಾಗಲೂ ಕಿಟಕಿಯಿಲ್ಲದ ಆ ಕೋಣೆ ಕತ್ತಲೆಯೇ. ಒಳಗಿನ ಬಾಗು ಯಾರಿಗೂ ಕಾಣಲಿಲ್ಲ. ಮೇಲೆ ಮಾತ್ರ ಒಂದು ತಟ್ಟೆಯಂಥ ತಗ್ಗು ಬಿದ್ದಿತ್ತು.

ಆ ವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಷಾಢ ಮುಗಿಯುತ್ತಿತ್ತು. ತಾಯಿ ಅವಳಿಗೆ ನಡುಮನೆಯಲ್ಲಿ, ಸುಣ್ಣದ ಕೋಣೆಯ ಗೋಡೆಗೆ ಒತ್ತಿ ಹಾಸಿಗೆ ಹಾಕಿದಳು. ಮನೆಯಲ್ಲಿ ತೊಟ್ಟಿಕ್ಕದ ಜಾಗ ಅದೊಂದೇ. ಆ ಸೀಮೆಗೆ ಅಪರೂಪವಾಗಿ ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ಸುಣ್ಣಗಾರ ಮೂರು ದಿನವೂ ಭಟ್ಟಿಯ ಕಟ್ಟಿಗೆ ಮುಚ್ಚುವುದರಲ್ಲಿ, ಹಿತ್ತಿಲ ಕಡೆಯ ಸೋರಿಕೆಗೆ ಪಾತ್ರೆ ಇಡುವುದರಲ್ಲಿ ಇದ್ದ. ನಾಲ್ಕನೆಯ ದಿನ ಮಧ್ಯಾಹ್ನ ಮೂಡಣದಲ್ಲಿ ಕಪ್ಪು ಏರಿತು. ಗಾಳಿ ನಿಂತಿತು. ಅವನು ಒಳಗೆ ಬಂದಾಗ ತಾಯಿ ಮಗಳು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

"ಅಪ್ಪಾ, ನಮ್ಮ ಮನೀ ಗ್ವಾಡಿ ಎಷ್ಟು ಬೆಚ್ಚಗೈತಿ ನೋಡು" ಎಂದಳು ಮಗಳು. "ನಡಾ ನೋಯ್ತಿತ್ತು. ಎರಡು ದಿನದಿಂದ ಕಾವು ಕೊಟ್ಟಂಗ ಆಗೇತಿ."

ತಾಯಿ ನಕ್ಕಳು. "ಬಾಣಂತಿಗೆ ಬೆಂಕಿ ಹಾಕೂ ಕೆಲಸ ಉಳೀತು."

ಸುಣ್ಣಗಾರ ಅಂಗೈಯನ್ನು ಗೋಡೆಗೆ ಇಟ್ಟ. ನಲವತ್ತು ವರ್ಷ ಸುಣ್ಣ ಸುಟ್ಟ ಕೈ ಅದು. ಆ ಬಿಸಿ ಯಾವುದೆಂದು ಅದಕ್ಕೆ ಕೂಡಲೇ ಗೊತ್ತಾಯಿತು. ನೀರು ಮೂರು ದಿನದಿಂದ ಆ ತಗ್ಗಿನಲ್ಲಿ ನಿಂತು ಹನಿಹನಿಯಾಗಿ ಕೆಳಗೆ ಇಳಿಯುತ್ತಿತ್ತು. ನೀರು ಸೋಕಿದ ಹರಳು ಒಳಗೆ ಕಾದು ಅರಳುತ್ತಿತ್ತು.

ಅವನು ಗೋಡೆಯಿಂದ ಕೈ ಕಿತ್ತುಕೊಂಡ. ಮಗಳ ರಟ್ಟೆ ಹಿಡಿದು ಎತ್ತಿದ. ಅವಳು ನೋವೆಂದು ಕೂಗಿದಳು. ಬಿಡಲಿಲ್ಲ. ಹೆಂಡತಿಯನ್ನು ಭುಜದಿಂದ ನೂಕಿದ. ಮೂವರೂ ಹೊಸ್ತಿಲು ದಾಟುವಾಗ ಮೊದಲ ದಪ್ಪ ಹನಿ ಬಿತ್ತು. ಹಿಂದೆಯೇ ಮಳೆ ಬಂತು, ಒಂದು ಕೆರೆ ಬೋರಲು ಹಾಕಿದಂತೆ.

ಬೀದಿಯ ಆಚೆ ನಿಂತು ಅವರು ನೋಡಿದರು. ಕೋಣೆಯ ಮೇಲಿನ ತಗ್ಗು ಕುಸಿದು ತೂತಾಯಿತು. ಆ ತೂತಿನಿಂದ ಬಿಳಿಯ ಹಬೆ ಎದ್ದಿತು. ಒಳಗೆ ಹಂಡೆ ಕುದಿಯುವಂಥ ಸದ್ದು. ಸುಣ್ಣ ಅರಳಿದರೆ ಇಮ್ಮಡಿಯಾಗುತ್ತದೆ. ಕೋಣೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬೆಚ್ಚಗಿದ್ದ ಆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಬಂದು ನಡುಮನೆಯೊಳಗೆ, ಮಗಳ ಹಾಸಿಗೆಯ ಮೇಲೆ ಒಡೆಯಿತು. ಆಮೇಲೆ ದಂಟಿಗೆ ಬೆಂಕಿ ಹತ್ತಿತು. ದಂಟಿನಿಂದ ಜಂತಿಗೆ, ಜಂತಿಯಿಂದ ತೊಲೆಗೆ.

ಓಣಿಯ ಜನ ಕೊಡ ಹಿಡಿದು ಓಡಿ ಬಂದರು.

"ನೀರು ಹಾಕಬ್ಯಾಡ್ರಿ!" ಎಂದು ಅವನು ಕೂಗಿದ. "ನೀರು ಹಾಕಬ್ಯಾಡ್ರೆಪ್ಪಾ!"

ಜನ ಕೊಡ ಹಿಡಿದುಕೊಂಡೇ ನಿಂತರು. ಅವನು ಎರಡೂ ಕೈ ಚಾಚಿ ಅವರಿಗೆ ಅಡ್ಡ ನಿಂತಿದ್ದ. ಮಳೆ ಅವನ ತಲೆಯ ಮೇಲಿಂದ ಹೋಗಿ ಮನೆಯ ಮೇಲೆ ಬೀಳುತ್ತಲೇ ಇತ್ತು.

ಸಂಜೆಯ ಹೊತ್ತಿಗೆ ಮನೆ ಇದ್ದಲ್ಲಿ ಒಂದು ಬಿಳಿಯ ಗುಡ್ಡೆ ಇತ್ತು. ಐವತ್ತೆರಡು ಹೇರು ಸುಣ್ಣವೂ ಅರಳಿತ್ತು. ಹಾಕಲು ಮಾಳಿಗೆ ಇರಲಿಲ್ಲ.

ಎಂಟು ದಿನಕ್ಕೆ ಮಗಳು ಹೆತ್ತಳು. ಗೌಂಡಿಯ ಮನೆಯಲ್ಲಿ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಸ್ವಲ್ಪ ತಿಳಿಯಾಗಿತ್ತು. ಕತೆ ಬೇರೆಯವನದು. ಅವನು ತಲೆದೂಗಿ, "ಹುಚ್ಚು ಮನುಷ್ಯ. ಸುಣ್ಣಗಾರನಾಗಿ ಸುಣ್ಣದ ಗುಣ ತಿಳಿಯಲಿಲ್ಲವೇ, ಗುರುಗಳೇ?" ಎಂದ.

ಗುರುಗಳು ಎದ್ದು ಮೈಮೇಲಿನ ವಸ್ತ್ರ ಸರಿಮಾಡಿಕೊಂಡರು.

"ಊರಿನಲ್ಲಿ ಏಳು ವರ್ಷದಿಂದ ಬಿಡದೆ ಇಟ್ಟುಕೊಂಡ ನಿನ್ನ ಹೊಲವನ್ನು ಈ ವರ್ಷ ಯಾರಿಗೆ ಗುತ್ತಿಗೆ ಕೊಟ್ಟಿದ್ದೀಯೆ?" ಎಂದರು.

ಶಿಷ್ಯ ತಲೆ ಎತ್ತಿ ಮಠದ ಮಾಳಿಗೆ ನೋಡಿದ.