ಗುಡ್ಡದಾಳಿನ ಬೀಸುಕಲ್ಲು

ಇದು ನಿನ್ನ ಅಜ್ಜಿ ಹೇಳ್ತಿದ್ದ ಕತೆ ಮಗಾ. ಅವಳಷ್ಟು ಚೆನ್ನಾಗಿ ನನಗೆ ಬರಲ್ಲ. ಕಣ್ಣು ಮುಚ್ಚಿಕೊಂಡು ಕೇಳು.

ಯಾವ ಕಾಲವೋ ಏನೋ, ಬಂಡೆಗುಡ್ಡದ ಮೇಲೆ ಒಬ್ಬ ಇದ್ದನಂತೆ. ಊರವರು ಅವನನ್ನ ಗುಡ್ಡದಾಳು ಅಂತಿದ್ದರಂತೆ. ಮುಖ, ಕೈ, ಕಾಲು ಎಲ್ಲಾ ನಮ್ಮ ಹಾಗೇ. ಅಳತೆ ಮಾತ್ರ ಬೇರೆ. ಕೂತರೆ ಆಲದ ಮರದಷ್ಟು, ನಿಂತರೆ ಮೋಡ ತಲೆಗೆ ತಗಲೋದಂತೆ. ಅಷ್ಟು ದೊಡ್ಡ ಪಾದ, ಆದರೂ ಇರುವೆ ಸಾಲು ಕಂಡರೆ ದಾಟಿ ಕಾಲಿಡೋನಂತೆ.

ಒಂದು ವರ್ಷ ಸುಗ್ಗಿ ಕಳೆದ ಮೇಲೆ, ದಿನಾ ಕೋಳಿ ಕೂಗೋ ಹೊತ್ತಿಗೆ ಗುಡ್ಡದ ಮೇಲೆ ಧಡ್ ಧಡ್ ಅಂತ ಸದ್ದು ಶುರುವಾಯಿತಂತೆ. ನೆಲ ನಡುಗಿತು, ಆಮೇಲೆ ಕೆರೆ ಏರಿ ಬಿರುಕು ಬಿಟ್ಟಿತು. ಏರಿ ಒಡೆದರೆ ಕೆಳಗಿನ ಊರು ಕೊಚ್ಚಿಕೊಂಡು ಹೋಗ್ತದೆ. ಕೆರೆ ನೀರು ಬಿಡೋ ನೀರುಗಂಟಿ ಮಾರಯ್ಯನಿಗೆ ಮೂವರು ಗಂಡುಮಕ್ಕಳು. ಯಾರಾದರೂ ಹೋಗಿ ಅದನ್ನ ನಿಲ್ಲಿಸ್ರಪ್ಪಾ ಅಂದನಂತೆ.

ದೊಡ್ಡವನು ಕೆಂಚ ಈಟಿ ಹಿಡಿದು ಹೋದ. ಎಸೆದ. ಗುಡ್ಡದಾಳು ಕಾಲಿನಿಂದ ಮುಳ್ಳು ಕೀಳೋ ಹಾಗೆ ಕಿತ್ತು, ನಿನ್ನದೇನೋ ಬಿದ್ದಿದೆ ತಗೋ ಮಗಾ ಅಂತ ವಾಪಸು ಕೊಟ್ಟನಂತೆ. ಕೆಂಚ ಈಟಿ ಎತ್ತಿಕೊಂಡು ಓಡಿಬಂದ.

ಆಮೇಲೆ ನಡುವಿನವನು ಬೋರ ಕೊಬ್ಬಿದ ಟಗರು ಹೊಡಕೊಂಡು ಹೋದ. ತಿಂದಾದರೂ ಸುಮ್ಮನಾಗಲಿ ಅಂತ. ಗುಡ್ಡದಾಳು ಟಗರನ್ನ ಅಂಗೈ ಮೇಲೆ ಕೂರಿಸಿಕೊಂಡು ಬೆನ್ನು ಸವರಿದನಂತೆ, ಮೇಯೋಕೆ ಬಿಟ್ಟನಂತೆ. ಟಗರು ಅಲ್ಲೇ ಉಳೀತು. ಬೋರ ಒಬ್ಬನೇ ಬಂದ. ಸದ್ದು ನಿಲ್ಲಲಿಲ್ಲ.

ಕಿರಿಯವನು ಹಾಲಪ್ಪ. ಮನೇಲಿ ಹೆಣ್ಣುಮಕ್ಕಳಿಲ್ಲ, ಅದಕ್ಕೆ ಚಿಕ್ಕಂದಿನಿಂದ ಅವ್ವನ ಎದುರು ಕೂತು ರಾಗಿ ಬೀಸೋನು ಅವನೇ. ಏನು ಹಾಲವ್ವ, ಹಿಟ್ಟಾಯ್ತಾ ಅಂತ ಅಣ್ಣಂದಿರು ರೇಗಿಸೋರಂತೆ. ಅವನು ಏರಿ ಮೇಲೆ ನಿಂತು ಕಿವಿಗೊಟ್ಟ. ಇದು ಕಾಳಿಲ್ಲದೆ ಬರಿದೇ ಬೀಸುಕಲ್ಲು ತಿರುಗೋ ಸದ್ದು ಅಂದ. ಬೀಸುಕಲ್ಲನ್ನ ಬರಿದಾಗಿ ತಿರುಗಿಸಬಾರದು, ಬೀಸಿ ಆದಮೇಲೂ ಅದರ ಬಾಯಲ್ಲಿ ಒಂದು ಹಿಡಿ ಕಾಳು ಬಿಡಬೇಕು. ಕಲ್ಲು ಮುಟ್ಟದ ಅಣ್ಣಂದಿರಿಗೆ ಅದೆಲ್ಲಿ ಗೊತ್ತು.

ಹಾಲಪ್ಪ ಒಂದು ಮೂಟೆ ರಾಗಿ ಹೊತ್ತು ಗುಡ್ಡ ಹತ್ತಿದ. ಕಣದಷ್ಟು ಅಗಲದ ಕಲ್ಲು. ಈಚೆ ಗುಡ್ಡದಾಳು ಗೂಟ ಹಿಡಿದು ತಿರುಗಿಸ್ತಾ ಇದ್ದಾನೆ. ಆಚೆ ಚಾಪೆ ಹಾಸಿದೆ. ಚಾಪೆ ಮೇಲೆ ಯಾರೂ ಇಲ್ಲ.

ಹಾಲಪ್ಪ ಮೂಟೆ ಇಳಿಸಿದ. ಚಾಪೆ ಅಂಚಿಗೆ ಗುಬ್ಬಿಯ ಹಾಗೆ ಕೂತ. ಕಲ್ಲಿನ ಬಾಯಿಗೆ ರಾಗಿ ಸುರಿದ. ಅಷ್ಟು ದೊಡ್ಡ ಕಲ್ಲಿಗೆ ಒಂದು ಮೂಟೆ ಯಾತಕ್ಕೆ ಸಾಕು. ಆದರೂ ಸದ್ದು ಒಂಚೂರು ಮೆತ್ತಗಾಯಿತು. ಗುಡ್ಡದಾಳಿನ ಕೈ ನಿಂತಿತು.

ಆಮೇಲೆ ಮೆಲ್ಲಗೆ ಹೇಳಿದನಂತೆ, ನನ್ನ ಹೆಂಡತಿ ಹೋದಳಪ್ಪಾ. ಅವಳು ಕಾಳು ಹಾಕೋಳು, ನಾನು ತಿರುಗಿಸೋನು. ಕಲ್ಲು ಸುಮ್ಮನಾದರೆ ಅವಳು ಇಲ್ಲ ಅಂತ ಗೊತ್ತಾಗಿಬಿಡ್ತದೆ.

ಹಾಲಪ್ಪ ಅಂಚಿಗೆ ಚೆಲ್ಲಿದ ಕಾಳನ್ನ ಬಳಿದು ಕಲ್ಲಿನ ಬಾಯಿಗೆ ತಳ್ಳಿದ. ಆಮೇಲೆ ಅಂದ, "ಬರಿದೇ ತಿರುಗಿಸಿದರೆ ಅವಳ ಕಲ್ಲು ಸವೆದುಹೋಗ್ತದೆ ತಾತ. ಕಾಳು ನಾವು ಹಾಕ್ತೀವಿ. ನೀನು ತಿರುಗಿಸು."

ಅವತ್ತೇ ಗುಡ್ಡದಾಳು ಇಳಿದು ಬಂದು, ಏರಿ ಬಿರುಕಿಗೆ ಒಂದು ಬಂಡೆ ಇಟ್ಟು, ಅಂಗೈಯಿಂದ ಮಣ್ಣು ಸವರಿದನಂತೆ, ಅವ್ವ ಒಲೆ ಸಾರಿಸೋ ಹಾಗೆ. ಆ ಏರಿ ಮತ್ತೆ ಬಿರುಕು ಬಿಡಲಿಲ್ಲವಂತೆ. ಆಮೇಲೆ ಊರ ರಾಗಿಯೆಲ್ಲಾ ಗುಡ್ಡ ಹತ್ತಿತು, ಹಿಟ್ಟಾಗಿ ಇಳೀತು. ಕಲ್ಲಿನ ಬಾಯಿ ತುಂಬಿತು, ನೆಲ ನಡುಗೋದು ನಿಂತಿತು. ಚಾಪೆ ಮೇಲೆ ಕೂರೋಕೆ ಸರದಿ ಬಂತು. ಕೆಂಚನೂ ಕೂತ. ಏನು ಕೆಂಚವ್ವ, ಹಿಟ್ಟಾಯ್ತಾ ಅಂತ ಹಾಲಪ್ಪ ಕೇಳಿದರೆ, ಗುಡ್ಡದಾಳು ನಕ್ಕ ನಗೆಗೆ ಮರದ ಎಲೆಯೆಲ್ಲಾ ಉದುರಿತಂತೆ.

ಬೀಸಿ ಆದಮೇಲೆ ಗುಡ್ಡದಾಳು ಒಂದು ಹಿಡಿ ರಾಗಿ ಕಲ್ಲಿನ ಬಾಯಲ್ಲಿ ಬಿಡೋನಂತೆ. ಅವನ ಒಂದು ಹಿಡಿ ಅಂದರೆ ಒಂದು ಗಾಡಿ. ಊರಲ್ಲಿ ಯಾರೂ ಬೇಡ ಅನ್ನಲಿಲ್ಲವಂತೆ. ಅದು ಅವಳ ಪಾಲು.

ಅಲ್ಲಿಗೆ ಕಲ್ಲೂ ನಿಂತಿತು, ಕತೆಯೂ ನಿಂತಿತು. ಮಲಗು ಮಗಾ.